ಬಟ್ಟಲು ತುಂಬಿದೆ, ಹಕ್ಕಿ ಉಪವಾಸ: ಸೊರಗಿ ಬಂದ ಲವ್ ಬರ್ಡ್ಸ್ ಆರೈಕೆ ಹೇಗೆ?

ಹೋದ ವರ್ಷ ಚಳಿಗಾಲದಲ್ಲಿ ಚಿತ್ರದುರ್ಗದ ನೆಂಟರೊಬ್ಬರು ಮನೆ ಬದಲಾಯಿಸುವಾಗ ಒಂದು ಪಂಜರ ತಂದು ನಮ್ಮ ತೋಟದ ಮನೆ ಜಗಲಿ ಮೇಲೆ ಇಟ್ಟರು. "ಹೊಸ ಮನೇಲಿ ಜಾಗ ಇಲ್ಲ, ನಿಮ್ದು ತೋಟ ಅಲ್ವಾ, ನೀವೇ ಸಾಕ್ಕೊಳ್ಳಿ" ಅಂದರು. ಒಳಗೆ ಮೂರು ಲವ್ ಬರ್ಡ್ಸ್. ಎದೆಮೂಳೆ ಚಾಕುವಿನ ಅಂಚಿನ ಹಾಗೆ ಎದ್ದಿತ್ತು. ಬಟ್ಟಲ ತುಂಬ ಕಾಳಿತ್ತು. ಅನುಮಾನ ಬಂದು ಬಾಯಿಂದ ಊದಿದೆ. ಅಷ್ಟೂ ಹಾರಿಹೋಯಿತು. ಅದು ಕಾಳಲ್ಲ, ಬರೀ ನವಣೆ ಹೊಟ್ಟು!

ಈ ಹಕ್ಕಿ ಕಾಳಿನ ಸಿಪ್ಪೆ ಸುಲಿದು, ಒಳಗಿನ ತಿರುಳು ತಿಂದು, ಸಿಪ್ಪೆಯನ್ನ ಬಟ್ಟಲಲ್ಲೇ ಬಿಡುತ್ತದೆ. ದೂರದಿಂದ ನೋಡಿದವರಿಗೆ ಬಟ್ಟಲು ಸದಾ ತುಂಬಿದ ಹಾಗೇ ಕಾಣುತ್ತದೆ. ಕಣದಲ್ಲಿ ರಾಶಿ ತೂರುವ ನಮಗೆ ಕಾಳು ಯಾವುದು, ಹೊಟ್ಟು ಯಾವುದು ಅಂತ ಹೇಳಿಕೊಡಬೇಕಿಲ್ಲ. ಆದರೂ ಪಂಜರದ ವಿಷಯದಲ್ಲಿ ಮೋಸ ಹೋಗುತ್ತೇವೆ.

ಆಮೇಲೆ ನಾನೂ ಒಂದು ತಪ್ಪು ಮಾಡಿದೆ. ಪಾಪ ಗಲೀಜಾಗಿವೆ ಅಂತ ಅವತ್ತೇ ಸಂಜೆ ಸ್ನಾನ ಮಾಡಿಸಿದೆ, ರಾಶಿ ಸೊಪ್ಪು ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಸತ್ತಿತ್ತು. ಸೊರಗಿದ ಹಕ್ಕಿಗೆ ನಮ್ಮ ಪ್ರೀತಿಗಿಂತ ಮೊದಲು ಬೇಕಾಗಿದ್ದು ಶಾಖ ಮತ್ತು ನೆಮ್ಮದಿ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ಇಲ್ಲಿ ಮುಖ್ಯ.

ಮೊದಲು ಇದು ಯಾವ ಹಕ್ಕಿ ನೋಡಿ

ನಮ್ಮ ಕಡೆ ಲವ್ ಬರ್ಡ್ಸ್ ಅಂತ ಮಾರೋದು ಹೆಚ್ಚಾಗಿ ಬಜ್ರಿಗರ್. ಆಸ್ಟ್ರೇಲಿಯಾ ಮೂಲದ ಪುಟ್ಟ ಹಕ್ಕಿ. ಇದನ್ನ ಮನೆಯಲ್ಲಿ ಸಾಕಬಹುದು. ಆದರೆ ನಮ್ಮ ಹೊಲಕ್ಕೆ ಬರುವ ಹಸಿರು ಗಿಣಿ, ಮುನಿಯಾದಂಥ ಇಲ್ಲಿನ ಕಾಡುಹಕ್ಕಿಗಳನ್ನ ಪಂಜರದಲ್ಲಿ ಇಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅಂಥವು ಕೈಗೆ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ. ಹಾಗಂತ ಬಜ್ರಿಗರ್‌ನ "ಸ್ವತಂತ್ರವಾಗಿರಲಿ" ಅಂತ ಹೊರಗೆ ಹಾರಿಬಿಡಬೇಡಿ. ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಹೊರಗೆ ಮೇವು ಹುಡುಕೋಕೆ ಬರಲ್ಲ, ಕಾಗೆ ಬಿಡಲ್ಲ.

ಮೊದಲ ಮೂರು ದಿನ: ಶಾಖ, ನೀರು, ಸದ್ದಿಲ್ಲದ ಜಾಗ

ಹಕ್ಕಿ ಕಾಯಿಲೆಯನ್ನ ಕೊನೇವರೆಗೂ ಮುಚ್ಚಿಡುತ್ತದೆ. ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರೆ ಮುಚ್ಚಿ ಪಂಜರದ ತಳದಲ್ಲಿ ಕೂತಿದೆ ಅಂದರೆ ಪರಿಸ್ಥಿತಿ ಆಗಲೇ ಕೈಮೀರುತ್ತಿದೆ ಅಂತ ಅರ್ಥ.

- ನಮ್ಮ ಜಿಲ್ಲೆಯ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದ ಊರು ಇದು. ಪಂಜರವನ್ನ ಜಗಲಿಯಿಂದ ಒಳಗೆ ತನ್ನಿ. ಫ್ಯಾನ್ ಕೆಳಗೆ, ಅಡುಗೆಮನೆ ಹೊಗೆಯಲ್ಲಿ ಇಡಬೇಡಿ.
- ಮೂರು ಕಡೆ ಹಳೇ ಪಂಚೆ ಹೊದಿಸಿ. ಕೋಳಿಮರಿಗೆ ಹಾಕುವ ಹಾಗೆ ಒಂದು ಬದಿಗೆ, ಪಂಜರದ ಹೊರಗೆ, 40 ವ್ಯಾಟ್‌ನ ಹಳೇ ಬಲ್ಬ್ ಹಚ್ಚಿ. ಬಟ್ಟೆಗೆ ತಾಗದಿರಲಿ. ಎಲ್‌ಇಡಿ ಬಲ್ಬ್ ಸಾಕಷ್ಟು ಶಾಖ ಕೊಡಲ್ಲ. ಬಲ್ಬಿನ ಕಡೆ 28ರಿಂದ 30 ಡಿಗ್ರಿ ಸಾಕು. ಸೆಕೆ ಆದರೆ ಸರಿದು ಕೂರೋಕೆ ಇನ್ನೊಂದು ಬದಿ ತಂಪಾಗಿರಲಿ.
- ಮೊದಲು ತಿನ್ನುತ್ತಿದ್ದ ಕಾಳನ್ನೇ ಕೊಡಿ. ದಿನಕ್ಕೆ ಎರಡು ಸಲ ಹೊಟ್ಟು ಊದಿ ತೆಗೆಯಿರಿ. ನೀರು ದಿನಾ ಬದಲಿಸಿ.
- ಸ್ನಾನ ಬೇಡ, ಎಣ್ಣೆ ಸವರೋದು ಬೇಡ, ಮಕ್ಕಳು ಕೈಯಲ್ಲಿ ಹಿಡಿದು ಆಡೋದೂ ಬೇಡ.

ಮನೇಲಿ ನಾಟಿ ಕೋಳಿ ಇದ್ದರೆ ಕನಿಷ್ಠ 30 ದಿನ ದೂರ ಇಡಿ. ರೋಗ ಎರಡೂ ಕಡೆಯಿಂದ ಹರಡಬಹುದು. ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಶ್ವಾಸಕೋಶದ ಸೋಂಕು ಬರುತ್ತದೆ. ತಳಕ್ಕೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಸ್ವಚ್ಛ ಮಾಡಿ. ಜ್ವರ, ಕೆಮ್ಮು ಬಂದರೆ ಡಾಕ್ಟರಿಗೆ ಹಕ್ಕಿ ಸಾಕಿರೋ ವಿಷಯ ಹೇಳಿ.

ಫೋನ್ ಮತ್ತು ತಕ್ಕಡಿ

ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಇದ್ದರೆ ಸಾಕು. ಅದರ ಮೇಲೆ ಚಿಕ್ಕ ಡಬ್ಬಿ ಇಟ್ಟು ದಿನಾ ಬೆಳಿಗ್ಗೆ ತೂಗಿ, ಫೋನಿನಲ್ಲಿ ಬರೆದಿಡಿ. ಆರೋಗ್ಯವಾಗಿರುವ ಬಜ್ರಿಗರ್ ಸಾಮಾನ್ಯವಾಗಿ 30ರಿಂದ 40 ಗ್ರಾಂ ಇರುತ್ತದೆ. ನಮ್ಮಲ್ಲಿಗೆ ಬಂದಾಗ ಒಂದು 24, ಇನ್ನೊಂದು 26 ಗ್ರಾಂ ಇದ್ದವು. ಇಷ್ಟು ಚಿಕ್ಕ ಜೀವಕ್ಕೆ ಮೂರು ಗ್ರಾಂ ಇಳಿಯೋದು ಅಂದರೆ ದೊಡ್ಡ ನಷ್ಟ.

ತಳಕ್ಕೆ ಪೇಪರ್ ಹಾಸಿ ಹಿಕ್ಕೆಯ ಫೋಟೋ ತೆಗೆಯಿರಿ. ಕಡುಹಸಿರು ಸುರುಳಿ, ಪಕ್ಕದಲ್ಲಿ ಬಿಳಿ ಇದ್ದರೆ ಸರಿ. ಹಿಕ್ಕೆ ತೀರಾ ಕಮ್ಮಿ ಇದ್ದರೆ ಅದು ತಿನ್ನುತ್ತಿಲ್ಲ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಅಲ್ಲಾಡುತ್ತಿದ್ದರೆ ವಿಡಿಯೊ ಮಾಡಿಕೊಂಡು ಅವತ್ತೇ ಪಶುವೈದ್ಯರಿಗೆ ತೋರಿಸಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಹೊಳಲ್ಕೆರೆ ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜೂ ಇದೆ.

ಕೊಕ್ಕು, ಕಾಲಿನ ಮೇಲೆ ಜೇನುಹುಟ್ಟಿನಂಥ ಬಿಳಿ ಹಕ್ಕಳೆ ಕಂಡರೆ ಅದು ನುಸಿ. ಔಷಧಿ ಇದೆ, ವಾಸಿಯಾಗುತ್ತದೆ. ಆದರೆ ಕೊಟ್ಟಿಗೆಯಲ್ಲಿ ದನಕ್ಕೆ ತಂದ ಐವರ್ಮೆಕ್ಟಿನ್ ಇದೆ ಅಂತ ಹನಿ ಹಾಕಬೇಡಿ. 400 ಕೆಜಿ ದನದ ಔಷಧಿ 30 ಗ್ರಾಂ ಹಕ್ಕಿಗೆ ವಿಷ ಆಗಬಹುದು. ಉದ್ದ ಬೆಳೆದ ಉಗುರು, ಕೊಕ್ಕನ್ನೂ ನೀವೇ ಕತ್ತರಿಸಬೇಡಿ. ಒಳಗೆ ರಕ್ತನಾಳ ಇರುತ್ತದೆ.

ಎರಡನೇ ವಾರದಿಂದ: ಮೇವು ಬದಲಾವಣೆ

ಬರೀ ನವಣೆ ತಿಂದು ಬೆಳೆದ ಹಕ್ಕಿಗೆ ಎ ಜೀವಸತ್ವ ಮತ್ತು ಕ್ಯಾಲ್ಸಿಯಂ ಕೊರತೆ ಆಗುತ್ತದೆ. ಬೇಕಾದ್ದೆಲ್ಲ ನಮ್ಮ ಹೊಲ, ಹಿತ್ತಲಲ್ಲೇ ಇದೆ.

- ಹೊಸದುರ್ಗದ ಕಡೆ ಬೆಳೆಯುವ ಸಾವೆ, ನವಣೆ, ಬರಗು ಬೆರೆಸಿ ಕೊಡಿ. ಮಿಲ್ಲಿಗೆ ಹಾಕದ, ಸಿಪ್ಪೆ ಸಮೇತದ ಕಾಳು ಇರಲಿ. ಬೀಜೋಪಚಾರ ಮಾಡಿದ ಬಿತ್ತನೆ ಬೀಜ ಒಂದು ಕಾಳೂ ಬೇಡ.
- ನುಗ್ಗೆ ಸೊಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್ ಕೊಡಿ. ಮೊದಲು ಒಂದೆರಡು ಎಲೆ ತೂಗುಹಾಕಿ. ಒಂದು ವಾರ ಮುಟ್ಟದೇ ಇದ್ದರೂ ಬೇಸರ ಬೇಡ. ಔಷಧಿ ಹೊಡೆದ ತೋಟದ ಸೊಪ್ಪು ಬೇಡ.
- ಮೊಟ್ಟೆ ಚಿಪ್ಪು ಕುದಿಸಿ, ಒಣಗಿಸಿ, ಪುಡಿ ಮಾಡಿ ಇಡಿ.
- ಬೂಷ್ಟು ಹಿಡಿದ ಶೇಂಗಾ, ಬೆಣ್ಣೆಹಣ್ಣು, ಚಾಕೊಲೇಟ್, ಉಪ್ಪಿನ ತಿಂಡಿ ಬೇಡವೇ ಬೇಡ.

ಪ್ಲಾಸ್ಟಿಕ್ ಕಡ್ಡಿ ತೆಗೆದು ಸೀಬೆ ಅಥವಾ ಬೇವಿನ ಕೊಂಬೆ ಕಟ್ಟಿ. ದಪ್ಪ, ಸಣ್ಣ ಎರಡೂ ಇದ್ದರೆ ಪಾದ ಸುಧಾರಿಸುತ್ತದೆ. ಕಣಗಿಲೆ, ಎಕ್ಕ ವಿಷ, ಹತ್ತಿರ ತರಬೇಡಿ. ಸೊಳ್ಳೆ ಬತ್ತಿ, ಊದಿನಕಡ್ಡಿ, ಕಾದ ನಾನ್‌ಸ್ಟಿಕ್ ತವಾದ ಹೊಗೆ ಹಕ್ಕಿಯ ಶ್ವಾಸಕ್ಕೆ ಅಪಾಯ.

ನಂಬಿಕೆ ಕೊನೆಗೆ

ಮೂರನೇ ವಾರದಿಂದ ದಿನಾ ಅದೇ ಹೊತ್ತಿಗೆ ಪಂಜರದ ಪಕ್ಕ ಕೂತು ಮೆಲ್ಲಗೆ ಮಾತಾಡಿ. ಕೈ ಒಳಗೆ ಹಾಕಬೇಡಿ. ಆಮೇಲೆ ಸಾವೆ ತೆನೆಯೊಂದನ್ನ ಸರಳಿನ ಸಂದಿಯಲ್ಲಿ ಹಿಡಿಯಿರಿ. ಅದು ಹೆದರಿ ಹಿಂದೆ ಸರಿದರೆ ನೀವೂ ಸರಿಯಿರಿ. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲು, ನಿದ್ದೆ ಬೇಕು. ಟಿವಿ ಕೋಣೆ ಸರಿಯಾದ ಜಾಗ ಅಲ್ಲ.

ನಮ್ಮ ಎರಡು ಹಕ್ಕಿ 32, 34 ಗ್ರಾಂಗೆ ಬರೋಕೆ ಎರಡು ತಿಂಗಳು ಬೇಕಾಯಿತು. ಕೈಯಿಂದ ತೆನೆ ತಿನ್ನೋಕೆ ನಾಲ್ಕು ತಿಂಗಳು. ಒಂದಂತೂ ಇವತ್ತಿಗೂ ಬೆರಳ ಮೇಲೆ ಕೂರಲ್ಲ, ಇರಲಿ ಬಿಡಿ. ಬೆಳಿಗ್ಗೆ ನಾನು ಬಟ್ಟಲು ಊದುವ ಸದ್ದು ಕೇಳಿದರೆ ಎರಡೂ ಕಿಚಿಪಿಚಿ ಶುರು ಮಾಡುತ್ತವೆ.

ನಿಮ್ಮ ಮನೇಲಿ, ಪಕ್ಕದ ಮನೇಲಿ ಪಂಜರ ಇದ್ದರೆ ಇವತ್ತೇ ಒಂದು ಸಲ ಬಟ್ಟಲು ಊದಿ ನೋಡಿ. ಕೆಳಗೆ ಕಾಳು ಉಳಿದಿದೆಯಾ?