ಕಾರನ್ನು ವಾಪಸ್ ಕರೆಯುವ ಕಾಗದ ಯಾರ ಕೈ ಸೇರುತ್ತದೆ?

2014ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಆರ್ಲ್ಯಾಂಡೊ ನಗರದಲ್ಲಿ ಹೋಂಡಾ ಅಕಾರ್ಡ್ ಕಾರೊಂದು ಅಪಘಾತಕ್ಕೆ ಸಿಕ್ಕಿತು. ಓಡಿಸುತ್ತಿದ್ದ ಮಹಿಳೆಯ ಕುತ್ತಿಗೆಯಲ್ಲಿ ಆಳವಾದ ಗಾಯಗಳಿದ್ದವು. ಅಪಘಾತದಲ್ಲಿ ಅಂಥ ಗಾಯ ಆಗುವುದು ಹೇಗೆಂದು ತಿಳಿಯದೆ, ಯಾರೋ ಚಾಕುವಿನಿಂದ ಇರಿದಿರಬೇಕೆಂದು ಪೊಲೀಸರು ಅನುಮಾನಪಟ್ಟರು. ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡರು. ನಿಜಕ್ಕೂ ಕುತ್ತಿಗೆ ಸೀಳಿದ್ದು ಸ್ಟೀರಿಂಗ್ ಒಳಗಿದ್ದ ಏರ್‌ಬ್ಯಾಗ್. ಜೀವ ಉಳಿಸಬೇಕಾದ ಸಾಧನವೇ ಒಡೆದು ಲೋಹದ ಚೂರುಗಳನ್ನು ಎರಚಿತ್ತು. ಸಾವಿನ ನಂತರ ಸುಮಾರು ಒಂದು ವಾರಕ್ಕೆ ಮನೆಗೊಂದು ಕಾಗದ ಬಂತು. ನಿಮ್ಮ ಕಾರಿನ ಏರ್‌ಬ್ಯಾಗ್ ಬದಲಿಸಬೇಕಿದೆ, ತಂದು ತೋರಿಸಿ ಎಂದು ಅದರಲ್ಲಿತ್ತು.

ಆ ಏರ್‌ಬ್ಯಾಗ್ ಜಪಾನಿನ ತಕಾಟಾ ಕಂಪನಿಯದು. 1933ರಲ್ಲಿ ನೇಯ್ಗೆಯ ಉದ್ಯಮವಾಗಿ ಶುರುವಾದ ಈ ಸಂಸ್ಥೆ ಮುಂದೆ ಸೀಟ್ ಬೆಲ್ಟ್‌ಗೂ ಏರ್‌ಬ್ಯಾಗ್‌ಗೂ ಕೈಹಾಕಿತು. ಡಿಕ್ಕಿಯಾದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಚೀಲ ಉಬ್ಬಬೇಕಾದರೆ ಒಳಗೊಂದು ಸಣ್ಣ ಸ್ಫೋಟ ಆಗಲೇಬೇಕು. ಆ ಕೆಲಸಕ್ಕೆ ತಕಾಟಾ ಆರಿಸಿಕೊಂಡದ್ದು ಅಮೋನಿಯಂ ನೈಟ್ರೇಟ್. ಗೊಬ್ಬರದಲ್ಲೂ ಕಲ್ಲುಕ್ವಾರಿಗಳ ಸಿಡಿಮದ್ದಿನಲ್ಲೂ ಬಳಸುವ ಅಗ್ಗದ ರಾಸಾಯನಿಕ ಇದು. ಆದರೆ ಸೆಕೆ ಮತ್ತು ತೇವ ಇದಕ್ಕೆ ಆಗಿಬರುವುದಿಲ್ಲ. ಹಗಲು ಕಾದು ರಾತ್ರಿ ಆರುತ್ತಾ ವರ್ಷಗಳು ಕಳೆದಂತೆ ಮಾತ್ರೆಯಂತೆ ಗಟ್ಟಿಯಾಗಿದ್ದ ಮದ್ದು ಪುಡಿಯಾಗುತ್ತದೆ. ಪುಡಿಯಾದದ್ದು ಬೇಕಾದ್ದಕ್ಕಿಂತ ವೇಗವಾಗಿ ಉರಿಯುತ್ತದೆ. ಒತ್ತಡ ತಾಳಲಾರದೆ ಲೋಹದ ಡಬ್ಬಿ ಸಿಡಿಯುತ್ತದೆ.

ಹಾಗಾಗಿಯೇ ಸಾವುಗಳು ಹೆಚ್ಚಾಗಿ ಕಂಡದ್ದು ಫ್ಲಾರಿಡಾ, ಮಲೇಷ್ಯಾದಂಥ ಬಿಸಿ ಹವೆಯ, ತೇವದ ಊರುಗಳಲ್ಲಿ. ಮಂಗಳೂರು, ಕಾರವಾರದ ಹವೆಯೂ ಅದೇ ಬಗೆಯದು. ಭಾರತದಲ್ಲೂ ಹೋಂಡಾ ಇದೇ ಕಾರಣಕ್ಕೆ ಲಕ್ಷಗಟ್ಟಲೆ ಕಾರುಗಳನ್ನು ಕರೆಸಿಕೊಂಡಿತು. 2015ರ ಒಂದು ಸುತ್ತಿನಲ್ಲೇ ಅವು 2.23 ಲಕ್ಷದಷ್ಟಿದ್ದವು. ಅಮೆರಿಕದಲ್ಲಿ ಬದಲಿಸಬೇಕಾದ ತಕಾಟಾ ಏರ್‌ಬ್ಯಾಗ್‌ಗಳ ಸಂಖ್ಯೆ ಸುಮಾರು 6.7 ಕೋಟಿಗೆ ಏರಿತು. ವಾಹನ ಇತಿಹಾಸದಲ್ಲಿ ಇಷ್ಟು ದೊಡ್ಡ ರೀಕಾಲ್ ಇನ್ನೊಂದಿಲ್ಲ.

ಸಿಟ್ಟು ತರಿಸುವ ಸಂಗತಿ ರಸಾಯನಶಾಸ್ತ್ರದಲ್ಲಿಲ್ಲ. ಕಾರು ತಯಾರಕರಿಗೆ ಕೊಟ್ಟ ಪರೀಕ್ಷಾ ವರದಿಗಳನ್ನು ತಕಾಟಾ ತಿದ್ದಿತ್ತು. 2017ರ ಜನವರಿಯಲ್ಲಿ ಅಮೆರಿಕದ ಸರ್ಕಾರದೆದುರು ಕಂಪನಿ ತಪ್ಪೊಪ್ಪಿಕೊಂಡು 100 ಕೋಟಿ ಡಾಲರ್ ದಂಡ ಮತ್ತು ಪರಿಹಾರಕ್ಕೆ ಒಪ್ಪಿತು. ಅದೇ ವರ್ಷದ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಡಬ್ಬಿಗಳು ಮಾತ್ರ ಎಷ್ಟೋ ಹಳೆಯ ಕಾರುಗಳಲ್ಲಿ ಹಾಗೇ ಉಳಿದವು.

ಜನರಲ್ ಮೋಟರ್ಸ್‌ನ ಕತೆ ಇದಕ್ಕಿಂತ ಸಣ್ಣ ಭಾಗದ್ದು. ಷೆವರ್ಲೆ ಕೋಬಾಲ್ಟ್ ಮುಂತಾದ ಅದರ ಅಗ್ಗದ ಕಾರುಗಳಲ್ಲಿ ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ ತೀರಾ ಸಡಿಲವಾಗಿತ್ತು. ಮೊಣಕಾಲು ತಗುಲಿದರೆ, ಭಾರದ ಕೀಗೊಂಚಲು ಜಗ್ಗಿದರೆ ಓಡುತ್ತಿರುವಾಗಲೇ ಎಂಜಿನ್ ಆಫ್. ಜೊತೆಗೆ ಪವರ್ ಸ್ಟೀರಿಂಗ್ ನಿಲ್ಲುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗ್ ಕೂಡ ಬಿಚ್ಚುತ್ತಿರಲಿಲ್ಲ. ತೊಂದರೆ ಕಂಪನಿಯೊಳಗೆ 2000ದ ದಶಕದ ಆರಂಭದಲ್ಲೇ ಗೊತ್ತಿತ್ತು. ಮುಂದೆ ಸ್ವಿಚ್ಚನ್ನು ಗುಟ್ಟಾಗಿ ಸುಧಾರಿಸಿದರು, ಭಾಗದ ನಂಬರ್ ಮಾತ್ರ ಹಳೆಯದೇ! ಹೀಗಾಗಿ ಹಳೆಯ ಕಾರುಗಳಲ್ಲಿ ಆದದ್ದು, ಹೊಸದರಲ್ಲಿ ಏಕೆ ಆಗುತ್ತಿಲ್ಲ ಎಂದು ಹುಡುಕಿದ ತನಿಖೆಗಾರರಿಗೆ ವರ್ಷಗಟ್ಟಲೆ ಸುಳಿವೇ ಸಿಗಲಿಲ್ಲ. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಕರೆಸಿಕೊಳ್ಳುವ ಹೊತ್ತಿಗೆ ಕಾಲ ಮೀರಿತ್ತು. ಕಂಪನಿಯ ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿಕೊಂಡಿತು. ಸಾಮಾನ್ಯವಾಗಿ ಇಂಥದಕ್ಕೆ ‘ತಾಂತ್ರಿಕ ದೋಷ’ ಎಂದು ಹಣೆಪಟ್ಟಿ ಹಚ್ಚುತ್ತಾರೆ. ನಂಬರ್ ಬದಲಿಸದೆ ಭಾಗ ಬದಲಿಸುವುದು ಯಾವ ತಂತ್ರಜ್ಞಾನವೋ ಕಾಣೆ.

ಹಾಗಾದರೆ ಕಾರುಗಳ ಗುಣಮಟ್ಟವೇ ಕುಸಿಯುತ್ತಿದೆಯೇ? ಪತ್ರಿಕೆಯಲ್ಲಿ ವಾರಕ್ಕೊಂದು ರೀಕಾಲ್ ಸುದ್ದಿ ಓದುವವರಿಗೆ ಹಾಗನ್ನಿಸುವುದು ಸಹಜ. ವಾಸ್ತವದಲ್ಲಿ ಇಂದಿನ ಕಾರಿನ ಬಾಡಿ, ಬ್ರೇಕ್, ಬೆಲ್ಟ್‌ಗಳು ಇಪ್ಪತ್ತು ವರ್ಷದ ಹಿಂದಿನವಕ್ಕಿಂತ ಎಷ್ಟೋ ಮೇಲು. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಸ್ಟಾರ್ ಬಂದಿತ್ತು. ಈಗ ಐದು ಸ್ಟಾರನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳುವ ಕಾಲ. ಆದರೆ ಸ್ಟಾರ್ ಹೇಳುವುದು ಹೊಸ ಕಾರಿನ ವಿನ್ಯಾಸದ ಬಗ್ಗೆ. ಹತ್ತು ವರ್ಷ ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಒಂದು ಡಬ್ಬಿ ಏನಾಗಿದೆ, ಯಾವ ತಿಂಗಳ ಬ್ಯಾಚಿನಲ್ಲಿ ಕಳಪೆ ಭಾಗ ಸೇರಿತು ಎಂಬುದನ್ನು ಯಾವ ಸ್ಟಾರೂ ಹೇಳುವುದಿಲ್ಲ.

ಇನ್ನೊಂದು ಬದಲಾವಣೆಯೂ ಆಗಿದೆ. ಈಗ ಒಂದೇ ಭಾಗ ಹಲವು ಕಂಪನಿಗಳ ಹಲವು ಮಾದರಿಗಳಿಗೆ ಹೋಗುತ್ತದೆ. ತಪ್ಪು ಒಂದೇ ಕಡೆ ಆದರೂ ನೋಟಿಸ್ ಹೊರಡುವುದು ನಾಲ್ಕಾರು ಕಡೆಯಿಂದ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ದೋಷಕ್ಕಾಗಿ 17,362 ಕಾರುಗಳನ್ನು ಕರೆಯಿತು; ಭಾಗ ಬದಲಾಗುವವರೆಗೆ ಓಡಿಸಬೇಡಿ ಎಂದೂ ಹೇಳಿತು. ಅದೇ ವಾರಗಳಲ್ಲಿ ಟೊಯೋಟ ಕೂಡ ಗ್ಲಾಂಜಾ, ಹೈರೈಡರ್ ಸೇರಿ 1,390 ಕಾರುಗಳನ್ನು ಕರೆಸಿಕೊಂಡಿತು. ಮಾರುತಿಯ ಪಟ್ಟಿಯಲ್ಲಿದ್ದ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟದ ಹೈರೈಡರ್ ಎರಡೂ ತಯಾರಾಗುವುದು ನಮ್ಮ ಬಿಡದಿಯ ಕಾರ್ಖಾನೆಯಲ್ಲೇ. ಲಾಂಛನ ಬೇರೆ, ಒಳಗಿನ ಸಾಮಾನು ಒಂದೇ. ತಯಾರಾದ ಕೆಲವೇ ವಾರಗಳಲ್ಲಿ ತಪ್ಪು ಗುರುತಿಸಿ ಬಾಯಿಬಿಟ್ಟು ಹೇಳಿದ್ದನ್ನು ಮೆಚ್ಚಲೇಬೇಕು. ಇಂಥ ಸುದ್ದಿ ಓದಿ ಆ ಬ್ರಾಂಡಿನ ಮೇಲೆ ನಂಬಿಕೆ ಕಳೆದುಕೊಳ್ಳುವವರು ತಪ್ಪು ಕಡೆ ಸಿಟ್ಟಾಗುತ್ತಿದ್ದಾರೆ.

ನಂಬಿಕೆ ನಿಜವಾಗಿ ಒಡೆಯುವುದು ಡೈಹತ್ಸುವಿನಂಥ ಪ್ರಕರಣಗಳಲ್ಲಿ. ಟೊಯೋಟದ ಒಡೆತನದ ಈ ಜಪಾನಿ ಕಂಪನಿ ಸುರಕ್ಷತಾ ಪರೀಕ್ಷೆಗಳಲ್ಲಿ ಮೋಸ ಮಾಡುತ್ತಿತ್ತೆಂದು 2023ರ ಡಿಸೆಂಬರ್‌ನಲ್ಲಿ ಹೊರಬಿತ್ತು. ಅತಿ ಹಳೆಯ ಪ್ರಕರಣ 1989ರದು. ಕಂಪನಿ ತನ್ನ ಎಲ್ಲ ಮಾದರಿಗಳ ರವಾನೆಯನ್ನು ನಿಲ್ಲಿಸಬೇಕಾಯಿತು. ಗುಣಮಟ್ಟಕ್ಕೆ ಜಗತ್ತು ಉದಾಹರಣೆ ಕೊಡುತ್ತಿದ್ದ ದೇಶದಲ್ಲೇ ಹೀಗೆ.

ಭಾರತದಲ್ಲಿ ಮೊದಲು ರೀಕಾಲ್‌ಗೆ ಕಾನೂನೇ ಇರಲಿಲ್ಲ. 2012ರಲ್ಲಿ ವಾಹನ ತಯಾರಕರ ಸಂಘ ‘ಸಿಯಾಮ್’ ಸ್ವಯಂಪ್ರೇರಿತ ಸಂಹಿತೆಯೊಂದನ್ನು ಮಾಡಿಕೊಂಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಕೇಂದ್ರ ಸರ್ಕಾರಕ್ಕೆ ರೀಕಾಲ್ ಆದೇಶಿಸುವ ಅಧಿಕಾರ ಕೊಟ್ಟಿತು. ನಿಯಮಗಳು 2021ರ ಏಪ್ರಿಲ್‌ನಿಂದ ಜಾರಿಗೆ ಬಂದವು. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ. ಲಕ್ಷಾಂತರ ಕಾರು ಮಾರುವ ಕಂಪನಿಗೆ ಇದು ಚಿಲ್ಲರೆ ಕಾಸು. ಜೊತೆಗೆ ಈ ನಿಯಮ ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ತಕಾಟಾ ಮದ್ದು ಅಪಾಯಕಾರಿಯಾಗಲು ಹಲವು ವರ್ಷ ಹಿಡಿದಿತ್ತೆಂಬುದನ್ನು ನೆನೆದರೆ ಈ ಗೆರೆ ಎಳೆದದ್ದು ಸರಿಯಾದ ಜಾಗದಲ್ಲಲ್ಲ.

ಅದಕ್ಕಿಂತ ದೊಡ್ಡ ತೂತು ವಿಳಾಸದ್ದು. ಕಂಪನಿಯ ಕಡತದಲ್ಲಿರುವುದು ಮೊದಲ ಮಾಲೀಕರ ವಿಳಾಸ, ಫೋನ್ ನಂಬರ್. ವಾರಂಟಿ ಮುಗಿದ ಮೇಲೆ ಹೆಚ್ಚಿನವರು ಶೋರೂಮಿನ ಸರ್ವೀಸ್ ಸೆಂಟರ್ ಬಿಟ್ಟು ಪರಿಚಯದ ಗ್ಯಾರೇಜಿಗೆ ಹೋಗುತ್ತಾರೆ. ಕಾರು ಎರಡು ಕೈ, ಮೂರು ಕೈ ಬದಲಾಗುತ್ತದೆ. ಬೆಂಗಳೂರಿನಲ್ಲಿ ಮಾರಿದ ಕಾರು ಹಾವೇರಿಯಲ್ಲೋ ಸಿರಸಿಯಲ್ಲೋ ಓಡುತ್ತಿರುವಾಗ, ಕಾಗದ ಹೋಗುವುದು ಯಾವತ್ತೋ ಅದನ್ನು ಮಾರಿ ಮರೆತವರಿಗೆ.

ಇದು ಬಗೆಹರಿಯದ ಸಮಸ್ಯೆಯೇನಲ್ಲ. ಸದ್ಯದ ಮಾಲೀಕರ ಹೆಸರು, ಮೊಬೈಲ್ ನಂಬರ್ ಸಾರಿಗೆ ಇಲಾಖೆಯ ‘ವಾಹನ್’ ದಾಖಲೆಯಲ್ಲಿವೆ. ಬೆಂಗಳೂರಿನಲ್ಲಿ ಸಿಗ್ನಲ್ ಜಂಪ್ ಮಾಡಿದರೆ ದಂಡದ ಸಂದೇಶ ಮೊಬೈಲಿಗೆ ತಪ್ಪದೆ ಬರುತ್ತದೆ. ದಂಡ ವಸೂಲಿಗೆ ಸಿಗುವ ಮಾಲೀಕ ಜೀವ ಉಳಿಸುವ ಸುದ್ದಿ ಮುಟ್ಟಿಸಲು ಸಿಗುವುದಿಲ್ಲವೇ? ಜರ್ಮನಿಯಲ್ಲಿ ರೀಕಾಲ್ ಪತ್ರ ಕಳಿಸಲು ಸರ್ಕಾರಿ ನೋಂದಣಿ ದಾಖಲೆಯ ವಿಳಾಸಗಳನ್ನೇ ಬಳಸುತ್ತಾರೆ. ಗಂಭೀರ ದೋಷವಿದ್ದೂ ಸರಿಪಡಿಸಿಕೊಳ್ಳದ ಕಾರನ್ನು ರಸ್ತೆಗಿಳಿಸದಂತೆ ತಡೆಯುವ ಅಧಿಕಾರವೂ ಅಲ್ಲಿದೆ. ಇಲ್ಲಿ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ವರ್ಗಾವಣೆ ಆಗುವಾಗ, ವಿಮೆ ನವೀಕರಣದ ವೇಳೆ ಬಾಕಿ ರೀಕಾಲ್ ಇದೆಯೇ ಎಂದು ತೋರಿಸಿದರೂ ಅರ್ಧ ಕೆಲಸ ಆದಂತೆ.

ಇಲಾಖೆ ಅದನ್ನು ಮಾಡುವವರೆಗೆ ಕೆಲಸ ಮಾಲೀಕರದ್ದೇ. ಆರ್‌ಸಿಯಲ್ಲಿ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಇರುತ್ತದೆ. ಪ್ರಮುಖ ಕಂಪನಿಗಳ ಜಾಲತಾಣದಲ್ಲಿ ಅದನ್ನು ಹಾಕಿ ನೋಡಬಹುದು, ಇಲ್ಲವೇ ಹತ್ತಿರದ ಅಧಿಕೃತ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ ಕೇಳಬಹುದು. ರೀಕಾಲ್ ಕೆಲಸಕ್ಕೆ ಹಣ ಕೊಡಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ಕೇಳಲಿ.