ಅಂಗೈಯ ಲಿಂಗ, ಗಣದ ಹೊಣೆ

ಶ್ರಾವಣ ಮಾಸದ ಪುರಾಣ ಪ್ರವಚನಕ್ಕೆಂದು ನಾವು ಗದಗ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆವು. ಅಂದಿನ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ ನಿವೃತ್ತ ಶಿಕ್ಷಕರೊಬ್ಬರು ಎದ್ದು ನಿಂತು ಕೈಮುಗಿದು ಕೇಳಿದರು: "ಅಜ್ಜಾರ, ನಮ್ಮ ಧರ್ಮದಾಗ ಅವರವರ ಲಿಂಗ ಅವರವರ ಕೊರಳಾಗ ಐತಿ. ನಡುವ ಪೂಜಾರಿ ಇಲ್ಲ. ಅಂದಮ್ಯಾಲೆ ಅವರವರ ಪಾಪ-ಪುಣ್ಯ ಅವರವರಿಗೆ. ಇನ್ನೊಬ್ಬರು ಮಾಡಿದ್ದಕ್ಕ ನಾವ್ಯಾಕ ಹೊಣೆ ಆಗಬೇಕ್ರಿ?" ಸಭೆಯಲ್ಲಿ ಗಂಡಸರು ಅನೇಕರು ತಲೆಯಾಡಿಸಿದರು. ತಾಯಂದಿರು ಕುಳಿತ ಕಡೆ ಮಾತ್ರ ಯಾರೂ ತಲೆ ಎತ್ತಲಿಲ್ಲ. ಅದೇಕೆಂದು ಅಂದು ನಮಗೆ ತಿಳಿಯಲಿಲ್ಲ, ಮರುದಿನ ತಿಳಿಯಿತು.

ಶಿಕ್ಷಕರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಶ್ರೀಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವಿಟ್ಟು, ಕರಸ್ಥಲಕ್ಕೆ ಇಷ್ಟಲಿಂಗವನ್ನು ಕರುಣಿಸಿದ ಮೇಲೆ ಆ ಲಿಂಗದ ಪೂಜೆಯನ್ನು ಅವನೇ ಮಾಡಬೇಕು. ತಂದೆ ಮಗನಿಗಾಗಿ, ಗಂಡ ಹೆಂಡತಿಗಾಗಿ ಮಾಡಿಬಿಡಲು ಬರುವುದಿಲ್ಲ. ಗುಡಿಯ ಬಾಗಿಲಲ್ಲಿ ನಿಲ್ಲಿಸಲ್ಪಟ್ಟವನಿಗೂ, ಹೆಣ್ಣೆಂದು ದೂರ ಇಡಲ್ಪಟ್ಟವಳಿಗೂ ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ಈ ಒಂದು ಸ್ವಾತಂತ್ರ್ಯ ಸಣ್ಣದಲ್ಲ. ಒಬ್ಬೊಬ್ಬ ಮನುಷ್ಯನೂ ಸ್ವತಂತ್ರವಾಗಿ ಶಿವನ ಎದುರು ನಿಲ್ಲಬಲ್ಲನೆಂಬ ನಂಬಿಕೆ ಅದರ ಹಿಂದಿದೆ.

ಆದರೆ ಪಂಚಾಚಾರಗಳನ್ನು ಒಮ್ಮೆ ಎಣಿಸಿ ನೋಡಬೇಕು. ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ. ಇವುಗಳಲ್ಲಿ ಲಿಂಗಾಚಾರ ಒಂದನ್ನು ಬಾಗಿಲು ಹಾಕಿಕೊಂಡು ಒಬ್ಬನೇ ಆಚರಿಸಬಹುದು. ಉಳಿದ ನಾಲ್ಕಕ್ಕೂ ಎದುರಿಗೆ ಮತ್ತೊಬ್ಬ ಮನುಷ್ಯ ಬೇಕು. ದುಡಿದು ತಂದುದನ್ನು ಸವೆಸಲು ಜಂಗಮ ಬೇಕು, ಸಮನೆಂದು ಕಾಣಲು ನೆರೆಯವನು ಬೇಕು, ಬಾಗಲು ಹಿರಿಯರೋ ಕಿರಿಯರೋ ಬೇಕು. ಅಷ್ಟಾವರಣದಲ್ಲಿ ಗುರು-ಲಿಂಗಗಳ ಮಗ್ಗುಲಲ್ಲೇ ಜಂಗಮವನ್ನು ಇಟ್ಟವರು ಬರಿದೆ ಇಟ್ಟಿಲ್ಲ.

ಮನುಷ್ಯ ಹುಟ್ಟಾ ಸ್ವಾರ್ಥಿಯೇ ಎಂಬುದು ಈ ಪ್ರಶ್ನೆಯ ಬೇರು. ಪಶ್ಚಿಮ ದೇಶಗಳಲ್ಲಿ ಇದರ ಚರ್ಚೆ ಬಹಳ ನಡೆದಿದೆ. ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರ ತನ್ನ ಗ್ರಂಥದಲ್ಲಿ, ಮೇಲೊಬ್ಬ ಒಡೆಯನಿಲ್ಲದಿದ್ದರೆ ಮನುಷ್ಯರು ಒಬ್ಬರ ಮೇಲೊಬ್ಬರು ಬೀಳುವರೆಂದು ವಾದಿಸಿದ. ರಶಿಯಾದ ಕ್ರೊಪಾಟ್ಕಿನ್ 1902ರಲ್ಲಿ ಪುಸ್ತಕ ಬರೆದು, ಪ್ರಾಣಿ-ಪಕ್ಷಿಗಳಿಂದ ಹಿಡಿದು ಮನುಷ್ಯರವರೆಗೆ ಪರಸ್ಪರ ನೆರವೇ ಬದುಕನ್ನು ಉಳಿಸಿದೆ ಎಂದ. ನಮ್ಮ ಶಾಸ್ತ್ರ ಇವೆರಡರ ನಡುವೆ ಪಂಚಾಯಿತಿ ಮಾಡಲು ಹೋಗುವುದಿಲ್ಲ, ಬೇರೊಂದು ದಾರಿ ಹಿಡಿಯುತ್ತದೆ. ಜೀವನಿಗೆ ಅಂಟಿರುವುದು ಆಣವ, ಮಾಯಾ, ಕಾರ್ಮಿಕವೆಂಬ ಮೂರು ಮಲಗಳು. ಅವುಗಳಲ್ಲಿ ಆಣವವೇ ಮೊದಲಿನದು. ಅಣುವೆಂದರೆ ಅತಿ ಸಣ್ಣದು. ಶಿವಾಂಶನಾದ ಜೀವನು ತಾನು ಇಷ್ಟೇ, ಈ ಚರ್ಮದೊಳಗಿರುವುದಷ್ಟೇ ಎಂದು ಕುಗ್ಗಿಹೋಗುವುದೇ ಆಣವ ಮಲ. ಹೀಗಾಗಿ ಸ್ವಾರ್ಥವಿಲ್ಲವೆಂದು ನಮ್ಮವರು ಹೇಳಲಿಲ್ಲ, ಅದು ಸ್ವಭಾವವೆಂದೂ ಒಪ್ಪಲಿಲ್ಲ. ಅದು ಕೊಳೆ. ಬಟ್ಟೆಗೆ ಹತ್ತಿದ ಕೊಳೆಯನ್ನು ಬಟ್ಟೆಯೇ ಎಂದು ತಿಳಿದು ಎಸೆಯುವವರೂ ಇಲ್ಲ, ಕೊಳೆಯೇ ಇಲ್ಲವೆಂದು ಉಟ್ಟುಕೊಳ್ಳುವವರೂ ಇಲ್ಲ. ಒಗೆಯಬೇಕು, ದಿನಾಲೂ ಒಗೆಯಬೇಕು.

ನುಲಿಯ ಚಂದಯ್ಯನವರ ಕಥೆ ಶೂನ್ಯಸಂಪಾದನೆಯನ್ನು ಕೇಳಿದವರಿಗೆಲ್ಲ ಗೊತ್ತು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದ ಹಣದಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಶರಣರವರು. ಒಂದು ದಿನ ಹುಲ್ಲು ಕೊಯ್ಯುವಾಗ ಬಾಗಿದ ಕೊರಳಿನಿಂದ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಚಂದಯ್ಯನವರು ಅದನ್ನು ಹುಡುಕುತ್ತ ನಿಲ್ಲಲಿಲ್ಲ. ದಾಸೋಹದ ಹೊತ್ತು ಮೀರುತ್ತಿದೆಯೆಂದು ಹುಲ್ಲಿನ ಹೊರೆ ಹೊತ್ತು ನಡೆದೇಬಿಟ್ಟರು. ಲಿಂಗವೇ ಬೆನ್ನು ಹತ್ತಿ ಬಂದು ತನ್ನನ್ನು ಎತ್ತಿಕೊಳ್ಳೆಂದು ಬೇಡಿತು, ಕೊನೆಗೆ ಮಡಿವಾಳ ಮಾಚಯ್ಯನವರು ನಡುವೆ ಬಂದು ಒಪ್ಪಿಸಬೇಕಾಯಿತು ಎಂದು ಕಥೆ ಹೇಳುತ್ತದೆ. ಲಿಂಗನಿಷ್ಠೆಗೆ ಹೆಸರಾದ ಧರ್ಮದಲ್ಲಿ ಇಂಥ ಕಥೆಯನ್ನು ಮುಚ್ಚಿಡದೆ ಸಂಪಾದನೆಯಲ್ಲಿ ಸೇರಿಸಿ ಓದಿಸುತ್ತ ಬಂದರಲ್ಲ, ಅದು ನಮಗೆ ಯಾವಾಗಲೂ ಬೆರಗು. ತನ್ನ ಪೂಜೆ ಒಂದು ಗಳಿಗೆ ತಡವಾದೀತು, ಹಸಿದು ಬಂದವರು ಕಾಯಬಾರದು.

ಮರುದಿನ ಬೆಳಿಗ್ಗೆ ಪಾದಪೂಜೆಯ ಹೊತ್ತಿಗೆ ಒಬ್ಬ ತಾಯಿ ಬಂದು, ಎಲ್ಲರೂ ಹೋಗುವವರೆಗೆ ಕಂಬದ ಮರೆಯಲ್ಲಿ ಕುಳಿತಿದ್ದಳು. ಆಮೇಲೆ ಹೇಳಿದಳು. ಅವಳು ಹತ್ತು ಜನ ಹೆಣ್ಣುಮಕ್ಕಳ ಸಾಲದ ಗುಂಪೊಂದರಲ್ಲಿ ಇದ್ದಾಳೆ. ಹೊರಗಿನ ಸಂಸ್ಥೆಯೊಂದು ಸಾಲ ಕೊಡುತ್ತದೆ, ವಾರಕ್ಕೊಮ್ಮೆ ಕಂತು ತುಂಬಬೇಕು, ಒಬ್ಬಳು ತಪ್ಪಿದರೆ ಉಳಿದವರು ಹೊಣೆ. ಗಂಡ ಆಸ್ಪತ್ರೆ ಸೇರಿದ್ದರಿಂದ ಅವಳ ಮೂರು ಕಂತು ತಪ್ಪಿದ್ದವು. "ಅಜ್ಜಾರ, ವಸೂಲಿಗೆ ಬಂದಾಂವ ಪೂರಾ ರೊಕ್ಕ ಬರೂತನಕ ಯಾರನ್ನೂ ಏಳಗೊಡೂದಿಲ್ಲ. ನಮ್ಮ ಗುಂಪಿನವರೇ ನನ್ನ ಮನಿ ಮುಂದ ಬಂದು ಕುಂತಾರ. ಕೂಸು ಕರಕೊಂಡು ಹೊರಗ ಬರಾಕ ನಾಚಿಕಿ ಆಗತೈತ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: "ಹೋದ ವರ್ಷ ನಾನೂ ಒಬ್ಬಾಕಿ ಮನಿ ಮುಂದ ಹಿಂಗ ಕುಂತೀನ್ರಿ. ಆಕಿ ಊರು ಬಿಟ್ಟು ಹೋದ್ಲು."

ತಾಯಂದಿರು ತಲೆ ಎತ್ತದೇ ಇದ್ದುದರ ಕಾರಣ ನಮಗೆ ಆಗ ಹೊಳೆಯಿತು. ಹಿಂದಿನ ರಾತ್ರಿ ಶಿಕ್ಷಕರಿಗೆ ನಾವು ಸಾಮೂಹಿಕ ಹೊಣೆಯ ಹಿರಿಮೆಯನ್ನು ಬಹಳ ಉತ್ಸಾಹದಿಂದ ವರ್ಣಿಸಿದ್ದೆವು. ಆ ಹೊಣೆ ಒಬ್ಬ ಹೆಣ್ಣುಮಗಳ ಹೊಸ್ತಿಲಲ್ಲಿ ಕುಳಿತು ಅವಳ ಮರ್ಯಾದೆ ಕಳೆಯುತ್ತಿರುವುದು ನಮಗೆ ಗೊತ್ತಿರಲಿಲ್ಲ. ಇಂಥ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂದರೆ ಇದು ಒಂದು ಊರಿನ ಮಾತಲ್ಲ.

ವಿಚಿತ್ರವೆಂದರೆ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಸಂಘವೂ ಎಲ್ಲರ ಹೊಣೆಯ ಕಾಲದ್ದೇ. ಅದಕ್ಕೆ ಹಿಂದಿನ ವರ್ಷ, 1904ರಲ್ಲಿ, ಬಂದ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಪ್ರಕಾರ ಒಂದೇ ಊರಿನ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದಿತ್ತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಅಂದರೆ ಸಂಘ ಮುಳುಗಿದರೆ ಒಬ್ಬೊಬ್ಬನ ಹೊಲ-ಮನೆಯೂ ಅದಕ್ಕೆ ಉತ್ತರ ಹೇಳಬೇಕು. ಜರ್ಮನಿಯ ರೈಫೈಸನ್ ಎಂಬ ಗ್ರಾಮಾಧಿಕಾರಿ 1864ರಲ್ಲಿ ಅಲ್ಲಿಯ ಬಡ ರೈತರಿಗಾಗಿ ಕಟ್ಟಿದ ಸಂಘದ ಮಾದರಿ ಅದು. ಸಾಹುಕಾರನ ಬಡ್ಡಿಯಲ್ಲಿ ಬೆಂದಿದ್ದ ರೈತರು ಇಷ್ಟು ದೊಡ್ಡ ಹೊಣೆಗೆ ಹೆಬ್ಬೆಟ್ಟು ಒತ್ತಿದರು.

ಅಂದಿನ ಹೊಣೆಗೂ ಈ ತಾಯಿಯ ಗುಂಪಿನ ಹೊಣೆಗೂ ಏನು ವ್ಯತ್ಯಾಸ? ನಾವು ಆ ದಿನವೆಲ್ಲ ಇದನ್ನೇ ಯೋಚಿಸಿದೆವು. ಅಂಥ ಸಂಘದಲ್ಲಿ ಎಲ್ಲರೂ ಹೊಣೆಯಾಗಿದ್ದರು ನಿಜ, ಆದರೆ ಯಾರಿಗೆ ಸಾಲ, ಎಷ್ಟು, ಬೀಜಕ್ಕೋ ಎತ್ತಿಗೋ ಎಂದು ತೀರ್ಮಾನಿಸುವವರೂ ಅವರೇ ಆಗಿದ್ದರು. ಮಳೆ ಹೋದ ವರ್ಷ ಗಡುವು ಮುಂದೂಡುವ ಮಾತೂ ಅವರ ನಡುವೆಯೇ ಆಡಬಹುದಿತ್ತು. ಈ ತಾಯಿಯ ಗುಂಪಿನಲ್ಲಿ ಹೊಣೆ ಮಾತ್ರ ಹತ್ತು ಜನರದು. ಹಣ ಹೊರಗಿನದು, ಬಡ್ಡಿ ಹೊರಗಿನದು, ಗಡುವು ಹೊರಗಿನದು. ಅವಳ ಗಂಡನ ಕಾಯಿಲೆಯನ್ನು ಲೆಕ್ಕಕ್ಕೆ ಹಿಡಿಯುವ ಅಧಿಕಾರ ಆ ಒಂಬತ್ತು ಜನರಲ್ಲಿ ಒಬ್ಬರಿಗೂ ಇಲ್ಲ, ಅವಳ ಬಾಗಿಲಲ್ಲಿ ಕೂಡುವ ಕೆಲಸ ಮಾತ್ರ ಒಂಬತ್ತೂ ಜನರದು. ಇದನ್ನು ಗಣವೆನ್ನಲು ನಮಗೆ ಮನಸ್ಸು ಒಪ್ಪಲಿಲ್ಲ.

ಹಾಗೆಂದು ತಪ್ಪನ್ನೆಲ್ಲ ಸಾಲ ಕೊಟ್ಟವರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವಂತಿಲ್ಲ. ಗಣಾಚಾರದ ಹೆಸರಿನಲ್ಲಿ ನಾವು ಮಾಡಿದ್ದೇನು? ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಲಗ್ನವಾದಾಗ, ಅದು ಆ ಎರಡು ಮನೆಗಳ ವಿಷಯವೆಂದು ಶರಣರು ಸುಮ್ಮನೆ ಕೂಡಲಿಲ್ಲ. ಆ ಇಬ್ಬರು ತಂದೆಯರಿಗೆ ಆದ ಘೋರ ಶಿಕ್ಷೆಯ ಬಿಸಿ ಇಡೀ ಕಲ್ಯಾಣಕ್ಕೆ ತಟ್ಟಿತು, ಶರಣರು ಊರನ್ನೇ ಬಿಟ್ಟು ಚದುರಬೇಕಾಯಿತು. ಒಬ್ಬರ ಸ್ವಾತಂತ್ರ್ಯದ ಬೆಲೆಯನ್ನು ಗಣವೆಲ್ಲ ತೆತ್ತಿತು. ಇಂದು ಹಳ್ಳಿಯಲ್ಲಿ ಒಬ್ಬ ಹುಡುಗಿ ಬೇರೆ ಕುಲದವನನ್ನು ಮದುವೆಯಾದರೆ ಅದೇ ಗಣ ಅವಳ ತವರಿಗೆ ಬಾಗಿಲು ಹಾಕಿಸುತ್ತದೆ. ಆ ಮನೆಯ ಶುಭಕಾರ್ಯಕ್ಕೆ ಅಯ್ಯನವರು ಹೋಗಬೇಕೋ ಬೇಡವೋ ಎಂದು ನಮ್ಮಲ್ಲಿಗೇ ಕೇಳಲು ಬರುತ್ತಾರೆ. ಹೋಗಬೇಕೆಂದು ನಾವು ಈಗ ಹೇಳುತ್ತೇವೆ. ಇಪ್ಪತ್ತು ವರ್ಷಗಳ ಹಿಂದೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ ಎಂಬುದನ್ನೂ ಇಲ್ಲಿಯೇ ಬರೆಯುವುದು ಒಳ್ಳೆಯದು.

ದಾಸೋಹ ನಡೆಯುವ ಮಠಗಳಲ್ಲಿ ಇದಕ್ಕೆ ತಕ್ಕ ಒಂದು ರೀತಿ ಇದೆ. ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟು ಬೆಳೆಸಿದರು. ಅದಕ್ಕೆ ಬಂದ ಕಾಳು ರೈತರ ಕಣದಿಂದ ಬಂದುದು. ಕೊಟ್ಟ ರೈತ ಯಾವ ಮಗು ಉಂಡಿತೆಂದು ಕೇಳಲಿಲ್ಲ, ಉಂಡ ಮಗುವಿಗೂ ಯಾರ ಚೀಲದ ಕಾಳೆಂದು ಗೊತ್ತಾಗಲಿಲ್ಲ. ಪಡೆದವನು ನಾಚಿಕೆಯಿಂದ ತಲೆ ತಗ್ಗಿಸುವ ಪ್ರಸಂಗವೇ ಅಲ್ಲಿಲ್ಲ.

ಅಂದು ಸಂಜೆಯ ಪ್ರವಚನದಲ್ಲಿ ನಾವು ಪುರಾಣದ ಆ ದಿನದ ಭಾಗವನ್ನು ಬದಿಗಿಟ್ಟು ಚಂದಯ್ಯನವರ ಕಥೆಯನ್ನೂ ಕಣಗಿನಹಾಳದ ಸಂಗತಿಯನ್ನೂ ಹೇಳಿದೆವು. ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಮುಗಿದ ಮೇಲೆ ಶಿಕ್ಷಕರು ಹತ್ತಿರ ಬಂದರು. "ನಾ ಕೇಳಿದ ಪ್ರಶ್ನಿ ಬ್ಯಾರೆ ಇತ್ರಿ ಅಜ್ಜಾರ" ಎಂದರು. ಇರಬಹುದು, ನಮಗೆ ಸಿಕ್ಕ ಉತ್ತರ ಇದೇ ಎಂದೆವು.

ಪುರಾಣ ಮಂಗಲವಾಗುವ ಹಿಂದಿನ ದಿನ ಆ ಗುಂಪಿನ ಹೆಣ್ಣುಮಕ್ಕಳು ಕಲ್ಲೇಶ್ವರ ಗುಡಿಯ ಕಟ್ಟೆಯ ಮೇಲೆ ಕೂಡಿ ಮಾತಾಡಿದರೆಂದು ಕೇಳಿದೆವು. ತಪ್ಪಿದ ಮೂರು ಕಂತನ್ನು ಹಂಚಿಕೊಂಡು ತುಂಬಲು ಏಳು ಜನ ಒಪ್ಪಿದರಂತೆ, ಇಬ್ಬರು ಒಪ್ಪಲಿಲ್ಲವಂತೆ. ಒಪ್ಪದವರ ಮೇಲೆ ಯಾರೂ ಸಿಟ್ಟಾಗಬಾರದೆಂದು ಹೇಳಿ ಕಳುಹಿಸಿದೆವು, ಅವರ ಮನೆಯ ಕಷ್ಟ ಅವರಿಗೆ ಗೊತ್ತು. ಈ ಸಾಲ ತೀರಿದ ಮೇಲೆ ಹೊರಗಿನವರ ಹಂಗಿಲ್ಲದೆ, ತಮ್ಮೊಳಗೇ ವಾರಕ್ಕಿಷ್ಟೆಂದು ಕೂಡಿಡುವ ಯೋಚನೆಯೂ ಇದೆಯಂತೆ. ಲೆಕ್ಕ ಬರೆದುಕೊಡಲು ಶಿಕ್ಷಕರು ಒಪ್ಪಿದ್ದಾರೆ.

ಊರು ಬಿಟ್ಟು ಹೋದ ಆ ಇನ್ನೊಬ್ಬ ತಾಯಿ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದಾಳೆಂದು ಹೇಳುತ್ತಾರೆ. ಮಠಕ್ಕೆ ಮರಳುವಾಗ ದಾರಿಯಲ್ಲಿ ಅವಳ ಮನೆಯನ್ನು ತೋರಿಸಿದರು. ಬಾಗಿಲಿಗೆ ಬೀಗವಿತ್ತು, ಕಟ್ಟೆಯ ಮೇಲೆ ಪಕ್ಕದ ಮನೆಯವರು ಶೇಂಗಾ ಒಣಗಹಾಕಿದ್ದರು.