ಹುಲ್ಲಿಗಾಗಿ ಮರ ಕಡಿಯುವವರು

ಮರ ನೆಡುವುದು ಪುಣ್ಯ, ಕಡಿಯುವುದು ಪಾಪ ಎಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಆ ಮಾತು ಬಹುಮಟ್ಟಿಗೆ ಸತ್ಯವೂ ಹೌದು. ಆದರೆ ತನ್ನ ಸ್ವಂತ ಜಮೀನಿನಲ್ಲಿ, ತನ್ನ ಗಂಟಿನಿಂದ ಹಣ ತೆತ್ತು, ಸಾವಿರಾರು ಮರಗಳನ್ನು ಕಡಿಸಿ, ಅದರಿಂದ ಕಾಡಿನ ಹಕ್ಕಿಗಳಿಗೆ ಉಪಕಾರವಾಯಿತೆಂದು ಸಂತೋಷಪಡುವ ರೈತನೂ ಈ ಭೂಮಿಯ ಮೇಲಿದ್ದಾನೆಂದರೆ ವಾಚಕರು ಆಶ್ಚರ್ಯಪಟ್ಟಾರು.

ಅಮೆರಿಕಾ ಸಂಯುಕ್ತ ಸಂಸ್ಥಾನದ ನಡುಭಾಗದಲ್ಲಿ, ದಕ್ಷಿಣದ ಟೆಕ್ಸಾಸಿನಿಂದ ಮೊದಲ್ಗೊಂಡು ಉತ್ತರದಲ್ಲಿ ಕೆನಡಾದವರೆಗೆ ಹಬ್ಬಿರುವ ಮಹಾ ಬಯಲುಸೀಮೆಯೊಂದುಂಟು. ಅದು ಮೂಲತಃ ಹುಲ್ಲಿನ ನಾಡು. ಸಿಡಿಲಿನಿಂದಲೋ, ಅಲ್ಲಿಯ ಮೂಲನಿವಾಸಿಗಳು ಹಚ್ಚಿದ್ದರಿಂದಲೋ ಆಗಾಗ ಬೆಂಕಿ ಬಿದ್ದು ಒಣಹುಲ್ಲು ಸುಟ್ಟುಹೋಗುತ್ತಿತ್ತು. ಮಳೆ ಬಂದೊಡನೆ ಹುಲ್ಲು ಬೇರಿನಿಂದ ಮತ್ತೆ ಚಿಗುರುತ್ತಿತ್ತು. ಮರದ ಸಸಿಗಳು ಮಾತ್ರ ಸಾಯುತ್ತಿದ್ದವು. ಈಸ್ಟರ್ನ್ ರೆಡ್ ಸೀಡರ್ ಎಂಬ ಮರವು ಆ ನಾಡಿನದೇ ಆದರೂ, ಬೆಂಕಿ ತಲುಪದ ಕಲ್ಲುಕಮರಿಗಳಲ್ಲಿ ಮಾತ್ರ ಅದು ತಲೆಯೆತ್ತಿ ನಿಂತಿರುತ್ತಿತ್ತು.

ಅಲ್ಲಿ ನೆಲೆಸಲು ಬಂದ ಬಿಳಿಯರಿಗೆ ಮರವಿಲ್ಲದ ಬಯಲು ಕೊರತೆಯಾಗಿ ತೋರಿತು. 1873ರ ಕಾನೂನಿನಂತೆ 40 ಎಕರೆಯಲ್ಲಿ ಮರ ಬೆಳೆಸಿದವನಿಗೆ 160 ಎಕರೆ ಸರಕಾರಿ ಭೂಮಿ ದೊರೆಯುವಂತಾಯಿತು. ಮುಂದೆ 1930ರ ದಶಕದಲ್ಲಿ ಭಯಂಕರವಾದ ಬರವೂ ಧೂಳಿನ ಬಿರುಗಾಳಿಯೂ ಬಂದೊದಗಿದಾಗ, ಅಧ್ಯಕ್ಷ ರೂಸ್‌ವೆಲ್ಟರ ಸರಕಾರವು 1934ರಿಂದ 1942ರವರೆಗೆ ಸುಮಾರು 22 ಕೋಟಿ ಮರಗಳನ್ನು ಗಾಳಿ ತಡೆಯುವ ಸಾಲುಗಳಾಗಿ ನೆಡಿಸಿತು. ಅವುಗಳಲ್ಲಿ ಸೀಡರ್ ಮರವೂ ಒಂದು. ಉದ್ದೇಶವು ಒಳ್ಳೆಯದೇ ಆಗಿತ್ತು. ಆದರೆ ಅಷ್ಟರಲ್ಲಿ ಬೆಂಕಿಯನ್ನು ಎಲ್ಲೆಡೆಯೂ ಆರಿಸುವ ರೂಢಿಯಾಗಿತ್ತು. ಹಕ್ಕಿಗಳು ಸೀಡರಿನ ಹಣ್ಣು ತಿಂದು, ಬೇಲಿಯ ಮೇಲೆ ಕುಳಿತು, ಬೀಜವನ್ನು ಎಲ್ಲೆಲ್ಲೂ ಉದುರಿಸಿದವು. ತಡೆಯುವವರಿಲ್ಲದೆ ಮರವು ಬಯಲಿಗೆ ಇಳಿಯಿತು.

ಇದರಿಂದ ಆದ ಕೇಡೇನು? ದಟ್ಟವಾದ ಸೀಡರಿನ ಕೆಳಗೆ ಹುಲ್ಲು ಬೆಳೆಯದು; ದನಗಳಿಗೆ ಮೇವಿಲ್ಲ. ಬಿದ್ದ ಮಳೆಯಲ್ಲಿ ಒಂದು ಪಾಲು ಎಲೆಗಳ ಮೇಲೆಯೇ ಆರಿಹೋಗುತ್ತದೆ. ಇನ್ನು ಅಲ್ಲಿಯ ಪ್ರೇರಿ ಕೋಳಿಯ ಕಥೆ ಕೇಳಿ. ಈ ಹಕ್ಕಿ ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ ಮೊಟ್ಟೆಯಿಡುತ್ತದೆ. ವಸಂತ ಕಾಲದಲ್ಲಿ ಗಂಡುಗಳು ಬಯಲಿನಲ್ಲಿ ಒಂದೆಡೆ ನೆರೆದು, ಕೊರಳಿನ ಚೀಲಗಳನ್ನು ಉಬ್ಬಿಸಿ ಕುಣಿಯುತ್ತವೆ. ಗಿಡುಗವು ಕುಳಿತು ಹೊಂಚುಹಾಕಬಹುದಾದ ಎತ್ತರದ ವಸ್ತು ಕಂಡರೆ ಸಾಕು, ಹಕ್ಕಿ ಆ ಸ್ಥಳವನ್ನೇ ತೊರೆಯುತ್ತದೆ. ಕಾನ್ಸಾಸ್ ರಾಜ್ಯದಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರ ಪ್ರಕಾರ, ಎಕರೆಗೆ ಸರಾಸರಿ ಒಂದು ಮರಕ್ಕಿಂತ ಹೆಚ್ಚಿದ್ದಲ್ಲಿ ಕಿರಿಯ ಪ್ರೇರಿ ಕೋಳಿ ಗೂಡನ್ನೇ ಕಟ್ಟಲಿಲ್ಲ. ನಮ್ಮ ಕಣ್ಣಿಗೆ ನೆರಳಾಗಿ ಕಾಣುವ ಒಂಟಿ ಮರವು ಅದರ ಪಾಲಿಗೆ ಶತ್ರುವಿನ ಅಟ್ಟಣೆ.

ಈ ಹಕ್ಕಿಯ ನೆಲೆಯಲ್ಲಿ ನೂರಕ್ಕೆ ಸುಮಾರು 95 ಪಾಲು ಖಾಸಗಿ ಜಮೀನು. ಆದುದರಿಂದ ಸರಕಾರವು ಅಭಯಾರಣ್ಯವೆಂದು ಹಲಗೆ ತೂಗುಹಾಕಿ ಅದನ್ನು ಉಳಿಸುವಂತಿಲ್ಲ. ದನ ಸಾಕುವ ಭೂಮಾಲಿಕನೇ ಮನಸ್ಸು ಮಾಡಬೇಕು. ಅಲ್ಲಿಯ ಕೃಷಿ ಇಲಾಖೆಯು 2010ರಿಂದ ಇದಕ್ಕೆಂದೇ ಯೋಜನೆಯೊಂದನ್ನು ಹೂಡಿ ವೆಚ್ಚದಲ್ಲಿ ಪಾಲು ಕೊಡುತ್ತ ಬಂದಿದೆ. ಕೆಲಸದ ಕ್ರಮವೂ ತಿಳಿಯತಕ್ಕದ್ದು. ಮರ ದಟ್ಟವಾಗಿ ಹಬ್ಬಿದ ಕಡೆಯಿಂದ ಅವರು ಆರಂಭಿಸುವುದಿಲ್ಲ. ಹುಲ್ಲು ಚೆನ್ನಾಗಿರುವ ಕಡೆಯ ಒಂಟಿ ಸಸಿಗಳನ್ನು ಮೊದಲು ತೆಗೆಯುತ್ತಾರೆ. ಉಳಿದಿರುವುದನ್ನು ಕಾಪಾಡುವ ಖರ್ಚು ಕಡಿಮೆ, ಕಳೆದುಹೋದುದನ್ನು ಮರಳಿ ಪಡೆಯುವ ಖರ್ಚು ಹೆಚ್ಚು. ಬುಡದಲ್ಲಿ ಕಡಿದರೆ ಈ ಸೀಡರ್ ಮತ್ತೆ ಚಿಗುರದೆಂಬುದೊಂದು ಅನುಕೂಲ.

ಆದರೆ ಒಬ್ಬನು ಕಡಿದು ನೆರೆಯವನು ಸುಮ್ಮನಿದ್ದರೆ ಬೀಜ ಬೇಲಿಯನ್ನು ಲೆಕ್ಕಿಸುವುದೇ? ಅಡುಗೆಮನೆಯನ್ನು ತೊಳೆದಿಟ್ಟು ಪಕ್ಕದ ಮೋರಿಯನ್ನು ಹಾಗೆಯೇ ಬಿಟ್ಟರೆ ಜಿರಳೆ ತಪ್ಪದೆಂಬುದನ್ನು ಹೋಟೆಲಿನಲ್ಲಿ ದುಡಿದವರಿಗೆ ವಿವರಿಸಬೇಕಾಗಿಲ್ಲ. ಇದನ್ನರಿತೇ ನೆಬ್ರಾಸ್ಕಾ ಮುಂತಾದ ರಾಜ್ಯಗಳ ಭೂಮಾಲಿಕರು ಸಂಘ ಕಟ್ಟಿಕೊಂಡು, ಗಾಳಿ ನೋಡಿ, ದಿನ ಗೊತ್ತುಮಾಡಿ, ಒಬ್ಬರ ಜಮೀನಿಗೆ ಇನ್ನೊಬ್ಬರು ಆಳಾಗಿ ನಿಂತು, ಹಿಂದಿನಂತೆ ಹುಲ್ಲಿಗೆ ಬೆಂಕಿಯಿಡುತ್ತಾರೆ. ಅಜ್ಜ ನೆಟ್ಟ ಮರದ ಸಂತಾನವನ್ನು ಮೊಮ್ಮಗನು ಸುಡುವುದು ಸುಲಭದ ಮಾತಲ್ಲ. ಉಳುಮೆ, ಬರಗಾಲ, ಎಣ್ಣೆಬಾವಿ ಮುಂತಾದ ಬೇರೆ ಕಂಟಕಗಳೂ ಆ ಹಕ್ಕಿಗೆ ಇರುವುದರಿಂದ ಇಷ್ಟರಿಂದಲೇ ಅದು ಉಳಿಯಿತೆನ್ನಲಾಗದು. ಆದರೂ ತಮ್ಮ ಕೈಲಾದುದನ್ನು ಅವರು ಮಾಡುತ್ತಿದ್ದಾರೆ.

ಈ ಸುದ್ದಿ ನಮಗೇಕೆ ಎಂದು ಕೇಳಬಹುದು. ನಮ್ಮ ಬಳ್ಳಾರಿ ಜಾಲಿಯೂ ಇಂಥದೇ. 19ನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ ಬಂದ ಆ ಮುಳ್ಳುಮರವು ಸೌದೆ ಕೊಟ್ಟಿತು ನಿಜ, ಆದರೆ ಕೆರೆಯಂಗಳವನ್ನೂ ಬೀಳುಬಿಟ್ಟ ಹೊಲವನ್ನೂ ನುಂಗಿತು. ಪ್ರೇರಿ ಕೋಳಿಯಂತೆಯೇ ಬಯಲಿನ ನೆಲದ ಮೇಲೆ ಮೊಟ್ಟೆಯಿಡುವ ನಮ್ಮ ಎರೆಭೂತ ಹಕ್ಕಿಗೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತಿನ ಎರೆಹೊಲಗಳೇ ಕರ್ನಾಟಕದಲ್ಲಿ ಉಳಿದ ಆಸರೆ.

ಮುಂಬಯಿಯಲ್ಲೋ ಪುಣೆಯಲ್ಲೋ ದುಡಿಯುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ತುಂಡು ಭೂಮಿಯುಂಟು. ಒಡೆಯನಿಲ್ಲದ ಭೂಮಿಯೇ ಕಳೆಮರದ ತವರುಮನೆ. ರಜೆಯಲ್ಲಿ ಊರಿಗೆ ಹೋದಾಗ ಅದರ ಮೇರೆಯನ್ನು ಒಮ್ಮೆ ಸುತ್ತಿ ಬರುವುದು ಉಚಿತ. ಬಳ್ಳಾರಿ ಜಾಲಿ ಕಡಿದರೆ ಮತ್ತೆ ಚಿಗುರುವುದರಿಂದ ಸಸಿಯಿರುವಾಗಲೇ ಬೇರುಸಹಿತ ಕೀಳಬೇಕು. ಆದರೆ ಇದನ್ನೋದಿ ಯಾರೂ ಹಲಸು, ಹೊನ್ನೆಗಳಿಗೆ ಕೊಡಲಿಯೆತ್ತಬಾರದು. ಸ್ವಂತ ಜಮೀನಿನದಾದರೂ ಹಲವು ಜಾತಿಯ ಮರಗಳನ್ನು ಕಡಿಯಲು ಅಪ್ಪಣೆ ಬೇಕು. ಯಾವುದು ಆ ನೆಲದ್ದು, ಯಾವುದು ಅಲ್ಲ ಎಂಬುದನ್ನು ಊರಿನ ಹಿರಿಯರನ್ನು ಕೇಳಿ ತಿಳಿದು, ನೆರೆಯವನನ್ನೂ ಜೊತೆಗೂಡಿಸಿಕೊಂಡೇ ಕೈಹಾಕಬೇಕು.